ಮುಕಿಲ್ಟಿಯೊ ದಡದಲ್ಲಿ ಹೆಸರು ಹಿಡಿದು ಕೂಗಿದ್ದು

ಓದಲೆಂದು ಅಮೆರಿಕಕ್ಕೆ ಹೋದ ಮೊದಲ ದಿನವೇ ನನ್ನ ಪ್ರೊಫೆಸರ್ ನನ್ನ ಬಾಯಿಗೆ ಬೀಗ ಹಾಕಿಬಿಟ್ಟರು. ಪಾಪ, ಹಾಕಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನನ್ನ ಕಾಲೇಜು. ತೊರೆಗಳು ಸಮುದ್ರ ಸೇರುವ ಕಡೆ ನೀರಿನಲ್ಲಿ ಏನೇನು ಬೆರೆತಿದೆ, ಅದರಿಂದ ಮೀನಿಗೇನು ಕಷ್ಟ ಎಂದು ನೋಡುವುದು ನಮ್ಮ ಲ್ಯಾಬಿನ ಕೆಲಸ. ಪ್ರೊಫೆಸರ್ ನಮ್ಮ ದೊಡ್ಡಮ್ಮನ ವಯಸ್ಸಿನವರು. ಕತ್ತರಿಸಿದ ಬಿಳಿ ಕೂದಲು, ಮೊಣಕಾಲುದ್ದದ ರಬ್ಬರ್ ಬೂಟು. ಅವರು ಒಳಗೆ ಬಂದ ಕೂಡಲೇ ನಾನು ಎದ್ದು ನಿಂತು, "ಗುಡ್ ಮಾರ್ನಿಂಗ್ ಮೇಡಂ" ಎಂದೆ.

"ಮೇಡಂ ಅನ್ನಬೇಡ" ಎಂದು ಅವರು ನಕ್ಕರು. "ಪೊಲೀಸ್ ನನ್ನ ಕಾರು ನಿಲ್ಲಿಸಿದ ಹಾಗಾಗುತ್ತೆ."

"ಹಾಗಾದರೆ ಪ್ರೊಫೆಸರ್ ಅನ್ನಲಾ?"

"ಅದೂ ಬೇಡ. ಇಲ್ಲಿ ಇರುವುದೇ ಆರು ಜನ. ಎಲ್ಲರೂ ಹೆಸರು ಹಿಡಿದೇ ಕರೆಯೋದು" ಎಂದು ತಮ್ಮ ಹೆಸರು ಹೇಳಿ ಕೈ ಕುಲುಕಿದರು. ಅದು ನಾಲಿಗೆ ತೊಡರುವ ಹೆಸರೇನೂ ಅಲ್ಲ. ಒಂದನೇ ಕ್ಲಾಸಿನ ಮಗುವೂ ಹೇಳಬಹುದಾದ ಪುಟ್ಟ ಹೆಸರು. ಆದರೆ ನನಗೆ ಮಾತ್ರ ಅದು ಬಾಯಿಗೆ ಬರಲೊಲ್ಲದು.

ನಾನು ಬೆಳೆದದ್ದು ಮೈಸೂರಿನಲ್ಲಿ, ಅಜ್ಜಿಯ ಸೆರಗು ಹಿಡಿದುಕೊಂಡು. ಅಜ್ಜಿ ಒಂದು ದಿನವೂ ತಾತನ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳಿಗೆ ಅವಳ ಅತ್ತೆ ಹೇಳಿದ್ದರಂತೆ. ರೇಷನ್ ಕಾರ್ಡಿನ ಆಫೀಸಿನಲ್ಲಿ ಗುಮಾಸ್ತ, "ಯಜಮಾನರ ಹೆಸರೇನಮ್ಮಾ?" ಎಂದು ಕೇಳಿದರೆ ಅಜ್ಜಿ ನನ್ನ ಬೆನ್ನಿಗೆ ತಿವಿಯುತ್ತಿದ್ದಳು. "ಹೇಳೇ, ನಿಮ್ಮ ತಾತನ ಹೆಸರು ಹೇಳು ಅವರಿಗೆ." ನಾನು ಕೌಂಟರಿನ ಮೇಲೆ ಮೂಗು ತೋರಿಸಿಕೊಂಡು ಜೋರಾಗಿ ಕೂಗುತ್ತಿದ್ದೆ. ಮನೆಯಲ್ಲಿ ಅವಳಿಗೆ "ಏನೂಂದ್ರೆ" ಸಾಕಾಗುತ್ತಿತ್ತು. ತಾತ ಕೆಲಸ ಮಾಡಿದ್ದು ರೇಷ್ಮೆ ನೇಯುವ ಕಾರ್ಖಾನೆಯಲ್ಲಿ. ಮಗ್ಗಗಳ ಸದ್ದಿನಲ್ಲಿ ಮೂವತ್ತು ವರ್ಷ ಕಳೆದು ಕಿವಿ ಮಂದವಾದ ಮೇಲೆ "ಏನೂಂದ್ರೆ" ಅವರಿಗೆ ಕೇಳುತ್ತಿರಲಿಲ್ಲ. ಆಗ ಅಜ್ಜಿ ಲೋಟವನ್ನು ತಟ್ಟೆಗೆ ಬಡಿಯುತ್ತಿದ್ದಳು. ಹೆಸರು ಮಾತ್ರ ಇಲ್ಲ.

ಇಂಥ ಮನೆಯಿಂದ ಬಂದವಳು ನಾನು. ಮೈಸೂರಿನ ಕಾಲೇಜಿನಲ್ಲೂ ಮೇಷ್ಟ್ರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎದುರಿಗೆ ಸಾರ್, ಬೆನ್ನ ಹಿಂದೆ ನಾವೇ ಇಟ್ಟ ಅಡ್ಡಹೆಸರು. ಇಲ್ಲಿ ಎದುರಿಗೂ ಅವರದೇ ಹೆಸರು ಹಿಡಿದು ಕರೆಯಬೇಕೆಂದರೆ ಯಾವ ನ್ಯಾಯ?

ಹಾಗಾಗಿ ನಾನು ಕರೆಯುವುದನ್ನೇ ಬಿಟ್ಟೆ. ಅವರು ತಲೆಯೆತ್ತಿ ನನ್ನ ಕಡೆ ನೋಡುವವರೆಗೆ ಕಾಯುತ್ತಿದ್ದೆ. ಇಮೇಲ್ ಬರೆದರೆ ಹೆಸರಿಲ್ಲದೆ "ಗುಡ್ ಮಾರ್ನಿಂಗ್" ಎಂದಷ್ಟೇ ಶುರು, ಅದು ಮಧ್ಯಾಹ್ನ ಮೂರು ಗಂಟೆಯಾಗಿದ್ದರೂ. ಲ್ಯಾಬಿನಲ್ಲಿ ಅವರು ಆ ತುದಿಯಲ್ಲಿದ್ದರೆ ನಾನು ಮೇಜುಗಳನ್ನೆಲ್ಲ ಸುತ್ತಿಕೊಂಡು ಹೋಗಿ ಅವರ ಕಣ್ಣಿಗೆ ಬೀಳುವ ಹಾಗೆ ನಿಲ್ಲುತ್ತಿದ್ದೆ. ಒಂದು ಸಲ ಬೇಕೆಂದೇ ಸ್ಟೀಲಿನ ಚಮಚ ಕೆಳಗೆ ಬೀಳಿಸಿದ್ದೂ ಉಂಟು. ಇದ್ಯಾವುದೂ ನಡೆಯದಿದ್ದಾಗ ಕೆಮ್ಮುತ್ತಿದ್ದೆ.

ಕೆಮ್ಮು ಚೆನ್ನಾಗಿ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಎಂದರೆ ಎರಡನೇ ವಾರ ನನ್ನ ಮೇಜಿನ ಮೇಲೆ ಜೇನು ಶುಂಠಿಯ ಕೆಮ್ಮಿನ ಮಿಠಾಯಿಯ ಪೊಟ್ಟಣವೊಂದು ಬಂತು. ಮುಂದಿನ ತಿಂಗಳು ಇನ್ನೊಂದು. "ಇಲ್ಲಿನ ತೇವ ಹೊಸಬರಿಗೆ ಒಗ್ಗುವುದಿಲ್ಲ, ಡಾಕ್ಟರಿಗೆ ತೋರಿಸು" ಎಂದು ಅವರು ಮೂರು ಸಲ ಹೇಳಿದರು. ನಾನು ತಲೆ ಆಡಿಸಿ ಮಿಠಾಯಿ ಬಾಯಿಗೆ ಹಾಕಿಕೊಂಡೆ. ಅದು ನಿಜವಾಗಿಯೂ ರುಚಿಯಾಗಿತ್ತು.

ಉಳಿದಂತೆ ನನ್ನ ದಿನಗಳು ಚೆಂದವಾಗಿಯೇ ಹೋಗುತ್ತಿದ್ದವು. ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯಲ್ಲಿ ಬೆಂಗಳೂರಿನ ದಂಪತಿಯ ಮನೆಯ ಮೇಲಿನ ಕೋಣೆಯಲ್ಲಿದ್ದೆ. ಬೆಳಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಬಸ್ಸು ಹತ್ತುವುದು, ಜಿಟಿಜಿಟಿ ಮಳೆಯಲ್ಲಿ ಇಲ್ಲಿನವರ ಹಾಗೆ ಕೊಡೆಯಿಲ್ಲದೆ ನಡೆಯುವುದು, ತೊರೆಯಲ್ಲಿ ಸಾಲ್ಮನ್ ಮೀನುಗಳು ಸಮುದ್ರದಿಂದ ಹಿಂದಿರುಗಿ ಈಜುವಾಗ ಬಾಯಿಬಿಟ್ಟುಕೊಂಡು ನೋಡುವುದು. ಬಾಟಲು ತೊಳೆಯುವ ಕೆಲಸವೂ ನನಗೆ ಇಷ್ಟವಾಗಿತ್ತು. ಈ ಲ್ಯಾಬು ಬಿಟ್ಟು ಬೇರೆಲ್ಲೂ ಇರುವುದು ಬೇಡ ಅನ್ನಿಸುವಷ್ಟು ಹಚ್ಚಿಕೊಂಡಿದ್ದೆ.

ನನ್ನ ಪಜೀತಿ ಕೇಳಿ ಮನೆಯ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಓವರ್‌ಲೇಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಹನ್ನೆರಡು ವರ್ಷವಾಗಿತ್ತು.

"ನನಗೂ ಮೊದಲನೇ ವಾರ ಬಾಯಿ ಬರ್ಲಿಲ್ಲ ಕಣೇ. ಈಗ ನೋಡು, ಮ್ಯಾನೇಜರ್‌ನ ಮ್ಯಾನೇಜರ್‌ನೂ ಹೆಸರು ಹಿಡಿದೇ ಕರೀತೀನಿ. ಪ್ರಾಕ್ಟೀಸ್ ಮಾಡ್ಬೇಕು ಅಷ್ಟೆ. ಒಂದು ಕೆಲಸ ಮಾಡು, ಕುಕ್ಕರ್ ಕೂಗಿದಾಗಲೆಲ್ಲ ನೀನೂ ಅವ್ರ ಹೆಸರು ಕೂಗು."

ನಗುವವರನ್ನು ಕಂಡರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಬೇರೆ ದಾರಿ ಇರಲಿಲ್ಲ. ಅನ್ನಕ್ಕೆ ಮೂರು ಸಲ, ಬೇಳೆಗೆ ನಾಲ್ಕು ಸಲ, ಕುಕ್ಕರಿನ ಮುಂದೆ ನಿಂತು ಕೂಗಿದೆ. ಒಂದು ತಿಂಗಳಲ್ಲಿ ಕುಕ್ಕರನ್ನು ಆ ಹೆಸರಿನಿಂದ ಕರೆಯಲು ನನಗೆ ಯಾವ ಸಂಕೋಚವೂ ಉಳಿಯಲಿಲ್ಲ. ಲ್ಯಾಬಿಗೆ ಹೋದರೆ ಮತ್ತದೇ ಕೆಮ್ಮು.

ಫೆಬ್ರವರಿಯ ಒಂದು ಗುರುವಾರ ಪ್ರೊಫೆಸರ್ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಯಾವಾಗಲೂ ತೆರೆದೇ ಇರುವ ಬಾಗಿಲು ಅದು.

"ನಿನ್ನ ಕೆಲಸ ತುಂಬಾ ಚೆನ್ನಾಗಿದೆ, ಅದರ ಬಗ್ಗೆ ಮಾತಿಲ್ಲ" ಎಂದು ಅವರು ನಿಧಾನವಾಗಿ ಶುರು ಮಾಡಿದರು. "ಆದರೆ ಐದು ತಿಂಗಳಲ್ಲಿ ಒಂದು ಸಲವೂ ನೀನು ನನ್ನ ಹೆಸರು ಹೇಳಿಲ್ಲ. ಇಮೇಲ್‌ನಲ್ಲೂ ಇಲ್ಲ. ನಾನು ಕೋಣೆಯಲ್ಲಿದ್ದರೆ ನೀನು ಸುತ್ತು ಹಾಕಿಕೊಂಡು ಹೋಗುತ್ತೀಯ. ನನ್ನಿಂದ ನಿನಗೆ ಏನೋ ಬೇಸರವಾಗಿದೆ ಅನ್ನಿಸುತ್ತೆ. ನನ್ನ ಸ್ನೇಹಿತರೊಬ್ಬರ ಲ್ಯಾಬಿನಲ್ಲಿ ಜಾಗ ಇದೆ, ಬಹಳ ಒಳ್ಳೆಯವರು. ಯೋಚನೆ ಮಾಡಿ ಸೋಮವಾರ ಹೇಳು. ನನಗೇನೂ ಬೇಜಾರಿಲ್ಲ."

ಬೇಜಾರಾಗಿತ್ತು. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಹಾಗಲ್ಲ, ನಿಮ್ಮ ಮೇಲಿನ ಗೌರವಕ್ಕೇ ಹೀಗೆ ಮಾಡಿದ್ದು ಎಂದು ಆ ಕ್ಷಣವೇ ಹೇಳಬೇಕಿತ್ತು. ಕಣ್ಣಲ್ಲಿ ನೀರು ಬಂದೀತೆಂಬ ಭಯಕ್ಕೆ "ಥ್ಯಾಂಕ್ಯೂ" ಎಂದು ಹೊರಗೆ ಬಂದುಬಿಟ್ಟೆ. ಬಿಟ್ಟು ಹೋಗು ಅಂದವರಿಗೆ ಥ್ಯಾಂಕ್ಯೂ ಹೇಳಿ ಬಂದ ನನ್ನಂಥ ದಡ್ಡಿ ಇನ್ನೊಬ್ಬಳು ಸಿಗಲಾರಳು. ಬಸ್ಸಿನಲ್ಲಿ ಮನೆಯವರೆಗೂ ನನ್ನನ್ನು ನಾನೇ ಬೈದುಕೊಂಡೆ.

ಶನಿವಾರ ಮುಕಿಲ್ಟಿಯೊದ ಕಡಲ ದಡದಲ್ಲಿ ನೀರು ಹಿಡಿಯುವ ಕೆಲಸ ಮೊದಲೇ ಗೊತ್ತುಪಡಿಸಿದ್ದು. ಬರಬೇಕಾಗಿದ್ದ ಇನ್ನೊಬ್ಬ ವಿದ್ಯಾರ್ಥಿಗೆ ಜ್ವರ. ಹಾಗಾಗಿ ನಾವಿಬ್ಬರೇ ಹೋದೆವು. ಕಾರಿನಲ್ಲಿ ಅವರು ಹವಾಮಾನದ ಬಗ್ಗೆ ಮಾತಾಡಿದರು, ನಾನು ಹೂಂ ಹೂಂ ಎಂದೆ. ಎಲ್ಲ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬಂದದ್ದು ಕೆಮ್ಮು. ಅವರು ಸ್ಟೀರಿಂಗ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮಿಠಾಯಿ ಕೊಟ್ಟರು.

ಬೆಳಗಿನಿಂದ ಮಧ್ಯಾಹ್ನದವರೆಗೆ ಇಪ್ಪತ್ತನಾಲ್ಕು ಬಾಟಲು ತುಂಬಿದೆವು. ಕೆಲಸ ಮುಗಿಯುತ್ತಾ ಬಂದಾಗ ನಾನು ಉಪಕರಣಗಳನ್ನು ಕಾರಿಗಿಟ್ಟು ದಡದ ಮೇಲ್ಭಾಗಕ್ಕೆ ವಾಪಸ್ ಬಂದಿದ್ದೆ. ಅವರು ಕೆಳಗೆ, ನೀರಿನ ಅಂಚಿನಲ್ಲಿ, ಬಾಟಲುಗಳ ಕ್ರೇಟನ್ನು ಪಕ್ಕದಲ್ಲೇ ಮರಳಿನ ಮೇಲಿಟ್ಟುಕೊಂಡು ಬಗ್ಗಿ ಏನೋ ಬರೆದುಕೊಳ್ಳುತ್ತಿದ್ದರು. ಸಮುದ್ರಕ್ಕೆ ಬೆನ್ನು. ತಲೆಗೆ ರೈನ್‌ಕೋಟಿನ ಟೊಪ್ಪಿ.

ಅಷ್ಟರಲ್ಲಿ ಆಚೆ ದ್ವೀಪದಿಂದ ಫೆರ್ರಿ ಬಂದು ನಿಂತಿತು. ನಾಲ್ಕು ಅಂತಸ್ತಿನ ಮನೆಯಷ್ಟು ದೊಡ್ಡ ಹಡಗು. ಅದು ಎಬ್ಬಿಸಿದ ಅಲೆಗಳು ಸಾಲಾಗಿ ದಡದ ಕಡೆ ಬರುವುದು ಮೇಲೆ ನಿಂತ ನನಗೆ ಚೆನ್ನಾಗಿ ಕಾಣುತ್ತಿತ್ತು. ಬೆಳಗಿನಿಂದ ಮಾಡಿದ ಕೆಲಸವೆಲ್ಲ ಆ ಕ್ರೇಟಿನಲ್ಲಿತ್ತು.

ನಾನು ಕೆಮ್ಮಿದೆ! ಐದು ತಿಂಗಳ ಅಭ್ಯಾಸ, ಏನು ಮಾಡಲಿ. ಗಾಳಿ ಕೆಮ್ಮನ್ನು ಹೊತ್ತುಕೊಂಡು ಎತ್ತಲೋ ಹೋಯಿತು. "ಎಕ್ಸ್‌ಕ್ಯೂಸ್ ಮಿ!" ಎಂದು ಕೂಗಿದೆ. ಮೀನು ಹಿಡಿಯುತ್ತಿದ್ದ ಮುದುಕ ತಿರುಗಿದ, ನಾಯಿ ಕರೆದುಕೊಂಡು ಹೋಗುತ್ತಿದ್ದ ಹೆಂಗಸು ತಿರುಗಿದಳು, ನಾಯಿಯೂ ತಿರುಗಿತು. ತಿರುಗಬೇಕಾದವರು ಮಾತ್ರ ಬರೆಯುತ್ತಲೇ ಇದ್ದರು. "ಹಲೋ!" ಎಂದೆ. ಮುದುಕ ಕೈ ಬೀಸಿ ಹಲೋ ಹೇಳಿದ.

ಮೊದಲ ಅಲೆ ಇನ್ನೇನು ಬಂತು ಅನ್ನುವಾಗ ನನ್ನೊಳಗೆ ಏನೋ ಕಳಚಿತು. ಕುಕ್ಕರಿನ ಮುಂದೆ ನಿಂತ ಹಾಗೆ ನಿಂತು, ಹೊಟ್ಟೆಯಿಂದ ಉಸಿರು ಎಳೆದು ಅವರ ಹೆಸರು ಕೂಗಿದೆ. ಒಂದು ಸಲ, ಎರಡು ಸಲ. ಅದರ ಹಿಂದೆಯೇ ಕನ್ನಡದಲ್ಲಿ "ಓಡಿ ಬನ್ನಿ, ಓಡಿ ಬನ್ನಿ!"

ಅವರು ಥಟ್ಟನೆ ತಿರುಗಿದರು. ನನ್ನನ್ನು ನೋಡಿದರು, ನೀರನ್ನು ನೋಡಿದರು, ಕ್ರೇಟನ್ನು ಎದೆಗೆ ಅವುಚಿಕೊಂಡು ಎದ್ದರು. ಅಲೆ ಅವರ ಬೂಟಿನ ಒಳಗೆಲ್ಲ ತುಂಬಿ, ಪೆನ್ನನ್ನೂ ಪುಸ್ತಕವನ್ನೂ ಎಳೆದುಕೊಂಡು ಹೋಯಿತು. ನಾನು ಓಡಿಹೋಗಿ ಪುಸ್ತಕ ಹಿಡಿದೆ. ಪೆನ್ನು ಸಮುದ್ರಕ್ಕೆ ಹೋಯಿತು. ಬಾಟಲು ಇಪ್ಪತ್ತನಾಲ್ಕೂ ಉಳಿದವು.

ಅವರು ಕ್ರೇಟನ್ನು ಮೇಲೆ ತಂದಿಟ್ಟು, ಬೂಟು ಬಿಚ್ಚಿ ನೀರು ಸುರಿದು, ನನ್ನನ್ನೇ ನೋಡುತ್ತಾ ಹೇಳಿದರು. "ಅಂದರೆ ನನ್ನ ಹೆಸರು ನಿನಗೆ ಗೊತ್ತು."

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ದಡದಲ್ಲಿ ಬಿದ್ದಿದ್ದ ದೊಡ್ಡ ಮರದ ದಿಮ್ಮಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಜ್ಜಿ, ತಾತ, ಆಯಸ್ಸು, ರೇಷನ್ ಕಾರ್ಡಿನ ಗುಮಾಸ್ತ, ಅಡ್ಡಹೆಸರಿನ ಮೇಷ್ಟ್ರು, ಕುಕ್ಕರು. ದೊಡ್ಡವರ ಹೆಸರು ಹೇಳದಿರುವುದೇ ನಮ್ಮಲ್ಲಿ ಮರ್ಯಾದೆ, ನಿಮ್ಮ ಮೇಲೆ ನನಗೆ ತುಂಬಾ ಮರ್ಯಾದೆ, ಅದಕ್ಕೇ ಹೀಗಾಯಿತು ಎಂದೆ. ಅವರು ಕೇಳುತ್ತಾ ಕೇಳುತ್ತಾ ಕಣ್ಣು ಅಗಲ ಮಾಡಿದರು.

"ಹಾಗಾದರೆ ಇಷ್ಟು ದಿನ ನೀನು ಕೆಮ್ಮಿದ್ದು?"

"ನಿಮ್ಮನ್ನು ಕರೆದದ್ದು."

ಅವರು ಒದ್ದೆ ಕಾಲುಚೀಲದಲ್ಲೇ ದಿಮ್ಮಿಯ ಮೇಲೆ ಕುಸಿದು ಕೂತು ನಗತೊಡಗಿದರು. ಮುದುಕ ಮತ್ತೊಮ್ಮೆ ತಿರುಗಿ ನೋಡುವಷ್ಟು ನಕ್ಕರು. ನಾನು ಧೈರ್ಯ ಮಾಡಿ, ಸೋಮವಾರ ಆ ಇನ್ನೊಂದು ಲ್ಯಾಬಿಗೆ ಹೋಗಬೇಕೇ ಎಂದು ಕೇಳಿದೆ. "ಸೋಮವಾರ ಇಷ್ಟೂ ನೀರು ಪರೀಕ್ಷೆ ಮಾಡೋದು ಯಾರು? ಎಲ್ಲಿಗೂ ಹೋಗೋ ಹಾಗಿಲ್ಲ" ಎಂದರು. ನಂತರ ನನ್ನ ಡಬ್ಬಿಯ ಚಿತ್ರಾನ್ನವನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಈಗ ಆ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತೇನೆ, ಆದರೂ ಇಲ್ಲಿ ಬರೆಯಲು ಕೈ ಬರುತ್ತಿಲ್ಲ ನೋಡಿ.

ಅಂದು ಸಂಜೆ ಮೈಸೂರಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಭಾನುವಾರದ ಬೆಳಗು. ಅಮ್ಮ ಫೋನನ್ನು ಅಜ್ಜಿಯ ಮುಂದೆ ಒರಗಿಸಿಟ್ಟು ದೋಸೆ ಹುಯ್ಯಲು ಹೋದಳು. ಅಜ್ಜಿಯ ಕೈಯಲ್ಲಿ ಕಾಫಿ ಲೋಟ, ಪಕ್ಕದ ಕುರ್ಚಿಯಲ್ಲಿ ಪೇಪರಿನ ಹಿಂದೆ ತಾತ. ನಡೆದದ್ದನ್ನೆಲ್ಲ ಹೇಳಿದೆ.

"ಅಯ್ಯೋ ನಿನ್ನ! ಅಷ್ಟು ದೊಡ್ಡೋರನ್ನ ಹೆಸರು ಹಿಡಿದು ಕೂಗಿದ್ಯಾ? ಅವರು ಬೇಜಾರು ಮಾಡ್ಕೊಳ್ಲಿಲ್ವೇನೆ?"

"ಇಲ್ಲ ಅಜ್ಜಿ, ಖುಷಿಪಟ್ರು. ಕರೀದೇ ಇದ್ದಿದ್ದಕ್ಕೇ ಅವರಿಗೆ ಬೇಜಾರಾಗಿದ್ದಿದ್ದು."

ಅಜ್ಜಿ ಉಳಿದ ಕಾಫಿ ಕುಡಿದು ಮುಗಿಸಿದಳು. ಆಮೇಲೆ ತಾತನ ಕಡೆ ತಿರುಗಿ, "ಏನೂಂದ್ರೆ" ಎಂದಳು. ಪೇಪರ್ ಅಲುಗಲಿಲ್ಲ. ಲೋಟವನ್ನು ತಟ್ಟೆಗೆ ಬಡಿದಳು. ಊಹೂಂ.

"ಇವರಿಗೆ ಎಂಬತ್ತಾರಾಯ್ತು, ಇನ್ನು ಆಯಸ್ಸು ಎಷ್ಟು ಕಮ್ಮಿಯಾಗುತ್ತೋ ನೋಡೇಬಿಡಣ" ಎಂದು ನನಗೆ ಹೇಳಿ, ಮೊಣಕಾಲು ಹಿಡಿದುಕೊಂಡು ಎದ್ದಳು. ತಾತನ ಕಿವಿಯ ಹತ್ತಿರ ಬಾಯಿಟ್ಟು, ಪೂರ್ತಿ ಹೆಸರನ್ನು ಜೋರಾಗಿ ಕರೆದಳು.

ತಾತ ಬೆಚ್ಚಿಬಿದ್ದು ಪೇಪರ್ ಇಳಿಸಿದರು. ಅಜ್ಜಿಯ ಕಡೆ ನೋಡಲೇ ಇಲ್ಲ. ನೇರವಾಗಿ ಬೀದಿ ಬಾಗಿಲಿನ ಕಡೆ ನೋಡಿದರು.

"ಯಾರೋ ಬಂದಿದಾರೆ ನೋಡೇ" ಎಂದರು.

"ಯಾರೂ ಬಂದಿಲ್ಲ" ಎಂದಳು ಅಜ್ಜಿ. "ನಾನೇ ಕರೆದಿದ್ದು."