ಅಪ್ಪನಿಗೆ ಪಥ್ಯ

ನಮ್ಮ ಮನೆಯಲ್ಲೊಂದು ಹಿತ್ತಾಳೆ ಚೊಂಬಿದೆ. ಅದು ನೆಟ್ಟಗೆ ನಿಲ್ಲುವುದಿಲ್ಲ. ನೀರು ತುಂಬಿ ಊಟದ ಎಲೆಯ ಪಕ್ಕದಲ್ಲಿಟ್ಟರೆ, ಗುಟ್ಟು ಕೇಳಲು ಬಾಗಿದ ನೆಂಟನ ಹಾಗೆ ಒಂದು ಕಡೆಗೆ ವಾಲಿಕೊಂಡು ಕೂರುತ್ತದೆ. ಮೊನ್ನೆಯವರೆಗೂ ಅದರ ಮೈಯಲ್ಲಿ ಎಂಟು ನೆಗ್ಗುಗಳಿದ್ದವು. ವರ್ಷಕ್ಕೊಮ್ಮೆ ಊರಿಗೆ ಬರುವ ಕಲಾಯಿಯವನು ಪ್ರತಿ ಸಲವೂ ಅದನ್ನು ತಿರುಗಿಸಿ ನೋಡಿ, "ನಾಕೇಟು ಆಕುದ್ರೆ ಎಲ್ಲಾ ಸರಿಯಾಯ್ತದೆ ಮೇಷ್ಟ್ರೇ" ಎನ್ನುತ್ತಿದ್ದ. ನಾಲ್ಕೇಟು ಹಾಕಿದರೆ ಎಲ್ಲವೂ ಸರಿಯಾಗುತ್ತದೆ ಎಂಬ ಸಿದ್ಧಾಂತವನ್ನು ನಾನೂ ಬಹುಕಾಲ ನಂಬಿದ್ದವನೇ ಆದ್ದರಿಂದ ಅವನೊಡನೆ ವಾದಿಸುತ್ತಿರಲಿಲ್ಲ. ಒಳಗೆ ಕಲಾಯಿ ಮಾತ್ರ ಹಾಕಿಸಿಕೊಂಡು ಚೊಂಬನ್ನು ವಾಪಸು ತರುತ್ತಿದ್ದೆ.

ಎಂಟರಲ್ಲಿ ಏಳು ನೆಗ್ಗು ನನ್ನ ಮಗಳು ಸುಮಳವು. ಎಂಟನೆಯದರ ಕರ್ತೃ ಯಾರೆಂದು ಆಮೇಲೆ ಹೇಳುತ್ತೇನೆ. ಒಬ್ಬರ ಮರ್ಯಾದೆಯ ಪ್ರಶ್ನೆ.

ಗಾವಡಗೆರೆಗೆ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ನಾನು ಮೇಷ್ಟ್ರು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಲವತ್ತು ಮಕ್ಕಳನ್ನು ಕಣ್ಣಿನಲ್ಲೇ ಕೂರಿಸುತ್ತಿದ್ದೆನೆಂಬ ಹೆಸರು ನನಗಿತ್ತು. ಮನೆಯಲ್ಲಿ ಏಳು ವರ್ಷದ ಒಂದು ಹುಡುಗಿಯನ್ನು ಕೂರಿಸಲು ಮಾತ್ರ ಆಗಲಿಲ್ಲ. ನಾನು ಚಪ್ಪಲಿ ಮೆಟ್ಟಿದರೆ ಸುಮ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ನನ್ನ ಹೆಂಡತಿ ಜಯಮ್ಮ ಬಾವಿಗೆ ಹೊರಟರೆ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಡ್ಡ ಬಂದವರನ್ನು ಕಚ್ಚುತ್ತಿದ್ದಳು. ನಮ್ಮವ್ವ ಮೆಣಸಿನಕಾಯಿ ನೀವಾಳಿಸಿದಳು, ಬೆಟ್ಟದಪುರದ ದೇವರಿಗೆ ಮುಡಿಪು ಕಟ್ಟಿದಳು, ತಾಯತ ತರಿಸಿದಳು. ಸುಮ ಆ ತಾಯತವನ್ನೂ ಎಸೆದಳು. ಕೊನೆಗೆ ಅವಳು ನನ್ನ ಸಹೋದ್ಯೋಗಿ ಟೀಚರೊಬ್ಬರ ಮುಂಗೈಯನ್ನು ಕಚ್ಚಿದ ದಿನ ಹೆಡ್‌ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಮೈಸೂರಿನಲ್ಲೊಂದು ವಸತಿ ಶಾಲೆಯಿದೆ, ಜೂನಿಗೆ ಅಲ್ಲಿಗೆ ಹಾಕಿ, ಶಿಸ್ತು ಬರುತ್ತದೆ ಎಂದರು. ನಾನು ಅರ್ಜಿ ತಂದೆ, ದುಂಡಗಿನ ಅಕ್ಷರದಲ್ಲಿ ತುಂಬಿದೆ, ಭೂಪಟದ ಪುಸ್ತಕದೊಳಗೆ ಇಟ್ಟೆ. ಬೇಸಿಗೆ ರಜೆ ಮುಗಿಯುವುದರೊಳಗೆ ಮಗು ಸರಿಹೋಗದಿದ್ದರೆ ಮನೆಯಿಂದ ಹೊರಗೆ, ಅಷ್ಟೆ.

ಅದಕ್ಕೆ ಮೊದಲು ಒಂದು ಪ್ರಯತ್ನವೆಂದು ಮೈಸೂರಿನಲ್ಲಿ ಮಕ್ಕಳ ಮನಸ್ಸಿನ ಡಾಕ್ಟರೊಬ್ಬರ ಬಳಿಗೆ ಹೋದೆವು. ಅವ್ವನೂ ಬಂದಳು; ಅವ್ವನಿಲ್ಲದೆ ನಮ್ಮ ಮನೆಯವರು ಯಾರೂ ಡಾಕ್ಟರ ಮುಖ ನೋಡಿದ ಇತಿಹಾಸವಿಲ್ಲ. ಡಾಕ್ಟರಮ್ಮ ಚಾಪೆಯ ಮೇಲೆ ಕೂತು ಸುಮಳೊಡನೆ ಬಣ್ಣದ ಮರದ ತುಂಡುಗಳನ್ನು ಜೋಡಿಸುತ್ತಿದ್ದರು. ಕೊರಳಲ್ಲಿ ಸ್ಟೆತಾಸ್ಕೋಪಿಲ್ಲ, ಪಕ್ಕದಲ್ಲಿ ಸೂಜಿಯಿಲ್ಲ. ಇವರು ಡಾಕ್ಟರೋ ಡಾಕ್ಟರ ಮನೆಯ ಮಗಳೋ ಎಂದು ಅವ್ವ ನನ್ನ ಕಿವಿಯಲ್ಲಿ ವಿಚಾರಿಸಿದಳು. ಅಷ್ಟರಲ್ಲಿ ಡಾಕ್ಟರಮ್ಮ, ಇದೆಲ್ಲ ಶುರುವಾಗುವ ಮೊದಲು ಮನೆಯಲ್ಲಿ ಏನಾಯಿತು ಎಂದು ಕೇಳಿದರು. ಏನೂ ಆಗಿಲ್ಲ ಎಂದೆ ನಾನು. ಜಯಮ್ಮ ಮಾತ್ರ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಸುತ್ತತೊಡಗಿದಳು.

ಆಗಿತ್ತು. ಎರಡು ವರ್ಷದ ಹಿಂದೆ ಜಯಮ್ಮ ಕಾಯಿಲೆಯಾಗಿ ಮೈಸೂರಿನ ಆಸ್ಪತ್ರೆ ಸೇರಿದಾಗ, ಐದು ವರ್ಷದ ಸುಮಳನ್ನು ಎಚ್.ಡಿ. ಕೋಟೆಯ ಕಡೆ ಇರುವ ಅವಳ ದೊಡ್ಡಮ್ಮನ ಮನೆಯಲ್ಲಿ ಬಿಟ್ಟೆವು. ನಮ್ಮ ಕಡೆ ಮಕ್ಕಳನ್ನು ಬಿಟ್ಟು ಹೊರಡುವುದಕ್ಕೆ ಒಂದು ಕ್ರಮವಿದೆ, ನಿಮ್ಮ ಕಡೆಯೂ ಇದ್ದೀತು. ಹೇಳಿದರೆ ಮಗು ಅಳುತ್ತದೆ; ಆದ್ದರಿಂದ ಸಂತೆಗೆ ಹೋಗಿ ಮಿಠಾಯಿ ತರುತ್ತೇವೆಂದು ಹೇಳಿ, ಅದು ಮಲಗಿದ ಮೇಲೆ ಹಿಂಬಾಗಿಲಿನಿಂದ ಹೊರಡಬೇಕು. ಬಾಗಿಲು ದಾಟುವಾಗ ದೊಡ್ಡವರಿಗೆಲ್ಲ 'ಹೋಗಿ ಬರುತ್ತೇನೆ' ಎನ್ನದೆ ಹೋಗದವರು ನಾವು; 'ಹೋಗುತ್ತೇನೆ' ಎಂದಷ್ಟೇ ಅಂದರೆ ಹೊಸ್ತಿಲ ಮೇಲೇ ತಡೆದು ತಿದ್ದಿಸುತ್ತೇವೆ. ಆ ಮರ್ಯಾದೆಯೊಂದು ಮಕ್ಕಳಿಗಿಲ್ಲ. ಸಂತೆಗೆ ಹೋದವರು ನಾವು ನಾಲ್ಕು ತಿಂಗಳ ಮೇಲೆ ಬಂದೆವು. ಮಿಠಾಯಿ ತಂದಿದ್ದೆವು.

ಡಾಕ್ಟರಮ್ಮ ಯಾರನ್ನೂ ಬಯ್ಯಲಿಲ್ಲ. ಔಷಧಿ ಬೇಕಿಲ್ಲ ಎಂದರು. ಅವ್ವನಿಗೆ ಬಸ್ ಚಾರ್ಜು ದಂಡವಾಯಿತೆನಿಸಿರಬೇಕು.

"ಔಸ್ದಿ ಇಲ್ದಿದ್ರೆ ಓಗ್ಲಿ ಬುಡವ್ವ, ಪಥ್ಯ ಏನು, ಅದ್ನಾದ್ರೂ ಏಳು" ಎಂದಳು.

ಡಾಕ್ಟರಮ್ಮ ಅವ್ವನನ್ನೂ ನನ್ನನ್ನೂ ಒಮ್ಮೆ ನೋಡಿ, "ಪಥ್ಯ ಇದೆ ಅಜ್ಜಿ, ಮಗೂಗಲ್ಲ, ಅಪ್ಪನಿಗೆ" ಎಂದರು.

ಇನ್ನೊಬ್ಬರಾಗಿದ್ದರೆ ನಗುತ್ತಿದ್ದರು. ಅವ್ವ ತಲೆದೂಗಿದಳು. ಹಾಲು ಕುಡಿಯುವ ಕೂಸಿಗೆ ಕಾಯಿಲೆಯಾದರೆ ಪಥ್ಯ ಮಾಡುವವಳು ತಾಯಿಯೇ ತಾನೆ? "ನಿನ್ನ ಒಟ್ಟೆ ಸರಿ ಇಲ್ದಿದ್ದಾಗ ಮೂರ್ ತಿಂಗ್ಳು ಸಪ್ಪೆ ತಿಂದಿವ್ನಿ ಕಣ್ಲಾ, ಈಗ ನೀನು ಮಾಡು" ಎಂದು ಅಲ್ಲೇ ತೀರ್ಪು ಕೊಟ್ಟಳು.

ಪಥ್ಯ ಹೀಗಿತ್ತು. ದಿನಕ್ಕೆ ಅರ್ಧ ಗಂಟೆ ಮಗುವಿನ ಜೊತೆ ನೆಲದ ಮೇಲೆ ಕೂರಬೇಕು. ಆಟ ಅವಳದು. 'ಬೇಡ', 'ಯಾಕೆ', 'ಹಾಗಲ್ಲ', ಈ ಮೂರು ಮಾತು ಆಗ ನಿಷಿದ್ಧ. ಅವಳು ಮಾಡುತ್ತಿರುವುದನ್ನು ಹೊಗಳದೆ ತೆಗಳದೆ ಸುಮ್ಮನೆ ಹೇಳುತ್ತಾ ಹೋಗಬೇಕು. ಏಳುವ ಮೊದಲು, 'ನಾನು ಇಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ' ಎನ್ನಬೇಕು. ಹೋಗುವುದಿದ್ದರೆ ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೇ ಬರಬೇಕು. ಆ ಮೂರು ಮಾತುಗಳನ್ನು ಕಳೆದರೆ ಒಬ್ಬ ಮೇಷ್ಟ್ರಲ್ಲಿ ಏನು ಉಳಿಯುತ್ತದೆಂದು ನಾನು ಬಸ್ಸಿನಲ್ಲಿ ಹುಣಸೂರಿನವರೆಗೂ ಯೋಚಿಸಿದೆ. ಹಾಜರಿ ಕೂಗುವುದು ಉಳಿಯುತ್ತಿತ್ತು.

ಡಾಕ್ಟರಮ್ಮ ಬಿಟ್ಟಿದ್ದನ್ನು ಅವ್ವ ತುಂಬಿದಳು. ಮಾತಿನ ಪಥ್ಯಕ್ಕೆ ಬಾಯಿಯ ಪಥ್ಯವೂ ಸೇರದಿದ್ದರೆ ಹಿಡಿಯುವುದಿಲ್ಲವೆಂದು ಬದನೆಕಾಯಿ, ಕುಂಬಳಕಾಯಿ, ಕೋಳಿ ಮೂರನ್ನೂ ನನಗೆ ನಿಲ್ಲಿಸಿದಳು. ಕಟ್ಟೆಮಳಲವಾಡಿಯ ಬೀಗರೂಟದಲ್ಲಿ ಸಾರಿನ ಬಕೆಟ್ಟು ನನ್ನ ಎಲೆಯ ಬಳಿ ಬಂದಾಗ, ಎದುರು ಪಂಕ್ತಿಯಿಂದ "ಅವ್ನಿಗಾಕ್ಬ್ಯಾಡ ಕಣಪ್ಪ, ಪಥ್ಯದಲ್ಲವ್ನೆ" ಎಂದು ಕೂಗಿದಳು. ನೆಂಟರು ಮೂಲವ್ಯಾಧಿಯೆಂದು ತೀರ್ಮಾನಿಸಿದರು. ಇಬ್ಬರು ನಾಟಿ ಔಷಧಿಯ ವಿಳಾಸವನ್ನೂ ಕೊಟ್ಟರು. ನಾನು ಬರೆದುಕೊಂಡೆ, ಕೊಟ್ಟವರಿಗೆ ಬೇಸರವಾಗಬಾರದಲ್ಲ.

ನಮ್ಮ ಅರ್ಧ ಗಂಟೆ ನಡೆಯುತ್ತಿದ್ದುದು ಬ್ಯಾರನ್ನಿನ ಜಗುಲಿಯಲ್ಲಿ. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಗೂಡು ಬೇಸಿಗೆಯಲ್ಲಿ ಖಾಲಿ. ಸೊಪ್ಪು ಕಟ್ಟುವ ಕಡ್ಡಿಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಸುಮ ಅವನ್ನು ಸಾಲಾಗಿ ಜೋಡಿಸುತ್ತಿದ್ದಳು, ಒದೆಯುತ್ತಿದ್ದಳು. ನಾನು ರೇಡಿಯೋದಲ್ಲಿ ದಸರಾ ಮೆರವಣಿಗೆಯ ವಿವರಣೆ ಕೊಡುವವರ ಹಾಗೆ ಗಂಭೀರವಾಗಿ, "ಸುಮ ಕಡ್ಡಿ ಜೋಡುಸ್ತಾವ್ಳೆ. ಸುಮ ಒದ್ಲು. ಸುಮಂಗೆ ಕ್ವಾಪ ಬಂದದೆ" ಎನ್ನುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹತ್ತು ದಿನದ ಮೇಲೆ ಅವಳು ಕಡ್ಡಿಗಳಿಂದ ಒಂದು ಮನೆ ಕಟ್ಟಿ, ಒಳಗೆ ಒಂದು ಚಿಕ್ಕ ಕಡ್ಡಿಯನ್ನು ಮಲಗಿಸಿ, ಎರಡು ಉದ್ದ ಕಡ್ಡಿಗಳನ್ನು ಜಗುಲಿಯ ಆ ತುದಿಗೆ ಒಯ್ದಿಟ್ಟಳು. "ಸಂತೆಗೋದ್ರು" ಎಂದಳು. ನಾನು ಕಾದೆ. ಕಡ್ಡಿಗಳು ವಾಪಸು ಬರಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಕಂಡದ್ದನ್ನು ಹೇಳಲೇಬೇಕಾದ ಪಥ್ಯ ನನ್ನದು, "ಅಪ್ಪ ಅಮ್ಮ ಸಂತೆಗೆ ಹೋದ್ರು. ಇನ್ನೂ ಬಂದಿಲ್ಲ. ಪಾಪು ಒಂದೇ ಮಲಗ್ಯದೆ" ಎಂದು ದಿನವೂ ಹೇಳಿದೆ. ಅಳಬಾರದೆಂದು ಪಥ್ಯದಲ್ಲಿ ಇರಲಿಲ್ಲವಾದ್ದರಿಂದ ಒಂದು ದಿನ ಅತ್ತುಬಿಟ್ಟೆ.

ಮೇ ತಿಂಗಳ ಕೊನೆಯ ವಾರ, ಬೆಳಗ್ಗೆ, ಸುಮ ಭೂಪಟದ ಪುಸ್ತಕ ಹಿಡಿದುಕೊಂಡು ಬಂದಳು. ಕೈಯಲ್ಲಿ ಆ ಅರ್ಜಿ.

"ಏನಪ್ಪ ಇದು?"

ನಿಜ ಹೇಳಿದರೆ ಅಳುತ್ತಾಳೆ ಎನಿಸಿತು. ಬಾಯಿ ತಾನಾಗಿಯೇ ಹಳೆಯ ದಾರಿ ಹಿಡಿಯಿತು. "ಏನಿಲ್ಲ ಮಗ, ಸಂತೆ ಚೀಟಿ" ಎಂದೆ.

ಅವಳು ಕಾಗದವನ್ನು ಇನ್ನೊಮ್ಮೆ ನೋಡಿದಳು. ಅವಳಿಗೆ ನಾನೇ ಮೊದಲು ಬರೆಯಲು ಕಲಿಸಿದ್ದ ಎರಡು ಅಕ್ಷರ ಅದರ ತಲೆಯ ಮೇಲೇ ಇದ್ದವು.

"ಸಂತೆ ಚೀಟೀಲಿ ನನ್ನೆಸ್ರು ಯಾಕದೆ?"

ಅವಳು ಕಾಗದವನ್ನು ನಡುವೆ ಸರಿಯಾಗಿ ಹರಿದು ಎರಡು ಮಾಡಿದಳು. ಉತ್ತರವಿಲ್ಲದ ಮೇಷ್ಟ್ರುಗಳು ಮಾಡುವುದನ್ನೇ ನಾನೂ ಮಾಡಿದೆ: ಸಿಟ್ಟಿಗೆದ್ದೆ. ಪಕ್ಕದಲ್ಲಿದ್ದ ಚೊಂಬನ್ನೆತ್ತಿ ಗೋಡೆಗೆ ಬೀಸಿ ಎಸೆದೆ. ಅಡಿಗೆಮನೆಯಲ್ಲಿ ರಾಗಿಮುದ್ದೆ ತಿರುವುತ್ತಿದ್ದ ಅವ್ವನ ಕೋಲು ನಿಂತಿತು.

ಸುಮ ಅಳಲಿಲ್ಲ, ಓಡಲೂ ಇಲ್ಲ. ನಾನು ಜಗುಲಿಯಲ್ಲಿ ಕೂರುವ ಹಾಗೆಯೇ ಚಕ್ಕಳಬಕ್ಕಳ ಹಾಕಿ ನನ್ನೆದುರು ಕೂತಳು. ನನ್ನದೇ ದನಿಯಲ್ಲಿ ಶುರುಮಾಡಿದಳು.

"ಅಪ್ಪ ಚೊಂಬು ಎಸುದ್ರು. ಚೊಂಬು ಗ್ವಾಡೆಗೆ ತಾಕ್ತು. ಅಪ್ಪಂಗೆ ಕ್ವಾಪ ಬಂದದೆ."

ಬೇಡ ಎನ್ನಲಿಲ್ಲ, ಯಾಕೆ ಎನ್ನಲಿಲ್ಲ, ಹಾಗಲ್ಲ ಎನ್ನಲಿಲ್ಲ. ಮುಗಿಸಬೇಕಾದ ಮಾತನ್ನೂ ಮರೆಯದೆ ಸೇರಿಸಿದಳು: "ನಾನು ಇಲ್ಲೇ ಇವ್ನಿ. ಎಲ್ಲೂ ಓಗಾಕಿಲ್ಲ."

ನನ್ನ ಸಿಟ್ಟಿನ ಎದುರು ಯಾರಾದರೂ ಹಾಗೆ ಕೂತದ್ದು ನನ್ನ ನಲವತ್ತು ವರ್ಷದಲ್ಲಿ ಅದೇ ಮೊದಲು. ಅರ್ಜಿ ಏನೆಂದು ಹೇಳಿದೆ. ಎಚ್.ಡಿ. ಕೋಟೆಯ ಆ ದಿನವನ್ನೂ ಹೇಳಿದೆ. ಸುಳ್ಳು ಹೇಳಿ ಬಿಟ್ಟುಹೋದದ್ದು ತಪ್ಪಾಯಿತು ಎಂದೆ. ಆಗ ಅವಳು ಅತ್ತಳು, ಬಹಳ ಹೊತ್ತು ಅತ್ತಳು. ಎರಡು ವರ್ಷದ ಬಾಕಿ ಅಳು ಅದು. ಅವ್ವ ಅರ್ಜಿಯ ಎರಡೂ ತುಂಡುಗಳನ್ನು ಆರಿಸಿಕೊಂಡು ಹೋಗಿ ನೀರೊಲೆಗೆ ಹಾಕಿದಳು.

ಜೂನಿನಲ್ಲಿ ಸುಮ ನಮ್ಮ ಶಾಲೆಗೇ ಬಂದಳು. ಪವಾಡವೇನೂ ನಡೆಯಲಿಲ್ಲ, ಜೂನಿನಲ್ಲಿ ಒಬ್ಬರನ್ನು ಕಚ್ಚಿದಳು, ಆಗಸ್ಟಿನಲ್ಲಿ ಕಚ್ಚಲು ಹೋಗಿ ಬಿಟ್ಟಳು. ಶ್ರಾವಣ ಮುಗಿದ ಮೇಲೆ ಅವ್ವ ನನಗೆ ಕೋಳಿ ಬಿಟ್ಟುಕೊಟ್ಟಳು. ಮಾತಿನ ಪಥ್ಯ ಇನ್ನೂ ನಡೆದಿದೆ.

ಈಗ ಸುಮ ಹುಣಸೂರಿನಲ್ಲಿ ಕಾಲೇಜು ಓದುತ್ತಾಳೆ. ದಿನವೂ ಹೊಸ್ತಿಲಲ್ಲಿ ನಿಂತು "ಐದೂವರೆ ಬಸ್ಸಿಗೆ ಬತ್ತೀನಿ ಕಣಪ್ಪ" ಎನ್ನುತ್ತಾಳೆ. ಐದೂವರೆಗೆ ನಾನು ಯಾವ ಕೆಲಸವೂ ಇಲ್ಲದವನಂತೆ ಜಗುಲಿಯಲ್ಲಿರುತ್ತೇನೆ. ಮೊನ್ನೆ ಕಲಾಯಿಯವನು ಬಂದಾಗ ಚೊಂಬು ಕೊಡಲು ಹೋದವಳು ಅವಳೇ. ಅವನು ಎಂದಿನಂತೆ ನಾಲ್ಕೇಟಿನ ಮಾತೆತ್ತಿದ. ಸುಮ ಚೊಂಬನ್ನು ತಿರುಗಿಸಿ, ಬೆರಳಿಟ್ಟು ಒಂದೊಂದಾಗಿ ತೋರಿಸಿದಳು.

"ಈ ಏಳೂ ನಂದು, ತಗುದ್ಬುಡಿ. ತಳದಲ್ಲಿರೋದ್ನ ಮುಟ್ಬ್ಯಾಡಿ. ಅದು ಅಪ್ಪಂದು."

ಅವನು ಹೇಳಿದಷ್ಟೇ ಮಾಡಿದ. ಚೊಂಬಿನ ಮೈ ಈಗ ಹೊಸದರಂತೆ ನುಣ್ಣಗಿದೆ. ನೆಲದ ಮೇಲಿಟ್ಟರೆ ಮಾತ್ರ ಈಗಲೂ ವಾಲುತ್ತದೆ.