ಗಿಡುಗ ನೋಡದ ಸೇತುವೆ

ನೆಬ್ರಾಸ್ಕಾದ ಹೆದ್ದಾರಿಯಲ್ಲಿ ಲಾರಿ ಓಡಿಸುವವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮನೆಗೆ ಮಾತ್ರ. ಲಾರಿಯಿಂದ ಲಾರಿಗೆ ಮಾತಾಡುವ ಸಿ.ಬಿ. ರೇಡಿಯೊದಲ್ಲಿ ಬೇರೆಯದೇ ಹೆಸರು. ಮಾಂಸದ ಲಾರಿಯ ಮರ್ಲಿನ್ ಹ್ರೂಬಿ ಅಲ್ಲಿ ಗಿಡುಗ. ಅವನೇ ಇಟ್ಟುಕೊಂಡದ್ದಲ್ಲ, ಉಳಿದವರು ಕೊಟ್ಟದ್ದು. ಮರೆಯಲ್ಲಿ ಕೂತ ಕರಡಿಯನ್ನು, ಅಂದರೆ ವೇಗ ಅಳೆಯುವ ಪೊಲೀಸನನ್ನು, ಅವನಷ್ಟು ದೂರದಿಂದ ಪತ್ತೆ ಹಚ್ಚುವವರು ಇನ್ನೊಬ್ಬರಿರಲಿಲ್ಲ. ಟೈರಿನ ತುಂಡು ಬಿದ್ದಿದ್ದರೂ ಯಾವ ಮೈಲಿಗಲ್ಲಿನ ಹತ್ತಿರ ಎಂದು ಹೇಳುತ್ತಿದ್ದ. ಹೆಂಡತಿ ಇರುವಷ್ಟು ದಿನ ಮನೆಯಲ್ಲಿ ಅವನ ಮಾತಿಗೆ ಕವಡೆ ಕಾಸಿನ ಬೆಲೆ ಇರಲಿಲ್ಲ. ಆಕೆ ಸತ್ತ ಮೇಲೆ ಮಾತೇ ಇರಲಿಲ್ಲ. ರೇಡಿಯೊದಲ್ಲಿ ಮಾತ್ರ ಗಿಡುಗ ಹೇಳಿದನೆಂದರೆ ಮುಗಿಯಿತು. ಆ ಮರ್ಯಾದೆ ಅವನ ತಲೆಗೇರಿತ್ತು.

ಅಲ್ಲಿನ ಪದ್ಧತಿ ಸರಳ. ಎದುರಿನಿಂದ ಬರುವವನನ್ನು 'ನಿನ್ನ ಬೆನ್ನ ಹಿಂದೆ ಹೇಗಿದೆ' ಎಂದು ಕೇಳಬೇಕು. ಅವನು ಬಿಟ್ಟು ಬಂದ ದಾರಿಯೇ ನೀನು ಹೋಗಬೇಕಾದ ದಾರಿ. ಅವನ ಮುಖ ಕಾಣದು, ಸಾಕ್ಷಿ ಕೇಳುವಂತಿಲ್ಲ. ನಂಬಿ ಹೋಗುವುದು, ಅಷ್ಟೇ.

ಆ ಜನವರಿಯ ಬೆಳಿಗ್ಗೆ ಮರ್ಲಿನ್ ಪೂರ್ವಕ್ಕೆ ಹೊರಟಿದ್ದ. ಪ್ಲಾಟ್ ನದಿಗೆ ಮೊದಲೇ ಹೆದ್ದಾರಿ ಬಿಟ್ಟು ಪಕ್ಕದ ಊರಿಗೆ ನುಗ್ಗಿದ. ಅಲ್ಲಿನ ಬೇಕರಿಯಲ್ಲಿ ಗಸಗಸೆ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನು ಆಗಷ್ಟೇ ಒಲೆಯಿಂದ ಇಳಿದಿತ್ತು. ಹೊಟ್ಟೆ ತುಂಬ ತಿಂದು, ಜಾರದಂತೆ ಮರಳು ಎರಚಿದ್ದ ಊರಿನ ಹಳೇ ಸೇತುವೆಯ ಮೇಲೆ ನದಿ ದಾಟಿ, ಆಚೆ ದಡದಲ್ಲಿ ಮತ್ತೆ ಹೆದ್ದಾರಿ ಸೇರಿದ. ಹೆದ್ದಾರಿಯ ದೊಡ್ಡ ಸೇತುವೆಯನ್ನು ಅವನು ಕಣ್ಣಿಂದಲೂ ನೋಡಿರಲಿಲ್ಲ.

ತುಟಿಯ ಗಸಗಸೆ ಒರೆಸಿಕೊಳ್ಳುವಷ್ಟರಲ್ಲಿ ರೇಡಿಯೊ ಕರಕರ ಎಂದಿತು. ಹಿಟ್ಟಿನ ಮೂಟೆ ಹೇರಿಕೊಂಡು ಎದುರಿನಿಂದ ಬರುತ್ತಿದ್ದ ಓರ್ವಲ್ ಟೀಟ್ಯನ್. ಕೆಂಪು ಮುಖದ ದೆಸೆಯಿಂದ ಎಲ್ಲರ ಬಾಯಲ್ಲೂ ಅವನು ಬೀಟ್‌ರೂಟ್.

"ಏನಪ್ಪಾ ಗಿಡುಗ, ಇನ್ನೂ ಬದುಕಿದ್ದೀಯಾ?"

"ನಿನ್ನಂಥೋರನ್ನ ಕಾಯೋಕೆ ಯಾರಾದ್ರೂ ಇರಬೇಕಲ್ಲೋ, ಬೀಟ್‌ರೂಟ್."

"ಬೆನ್ನ ಹಿಂದೆ ಹೇಗಿದೆ? ಸೇತುವೆ ಮೇಲೆ ಜಾರ್ತಿದೆ ಅಂತ ಯಾರೋ ಗೊಣಗ್ತಿದ್ರು."

ನಾನು ಆ ಕಡೆಯಿಂದ ಬರಲಿಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಗಿಡುಗನ ಬಾಯಲ್ಲಿ 'ಗೊತ್ತಿಲ್ಲ' ಎಂಬುದನ್ನು ಯಾರೂ ಕೇಳಿರಲಿಲ್ಲ. ಊರಿನ ಸೇತುವೆ ಚೆನ್ನಾಗಿತ್ತು, ಇದೂ ಚೆನ್ನಾಗಿಯೇ ಇರಬೇಕು ಎಂದುಕೊಂಡ.

"ಗುಡಿಸಿಟ್ಟ ಅಂಗಳದ ಹಾಗಿದೆ ಕಣೋ. ಕಾಲು ಒತ್ತು, ಹೋಗ್ತಾ ಇರು."

"ನೀನು ಹೇಳಿದ್ಮೇಲೆ ಆಯ್ತು ಬಿಡು."

ಮುಂದೆ ಮರ್ಲಿನ್ ಡೀಸೆಲ್ ತುಂಬಿಸಲು ನಿಂತಿದ್ದಾಗ, ಹಿಂದಿನಿಂದ ಬಂದ ಲಾರಿಯವನೊಬ್ಬ ಇಳಿದು ಕೈ ಉಜ್ಜಿಕೊಳ್ಳುತ್ತ ಹೇಳಿದ: "ಸೇತುವೆ ಮೇಲೆ ಹಿಟ್ಟಿನ ಲಾರಿ ಮಗುಚಿದೆ. ಮಂಜುಗಡ್ಡೆ ಯಾವ್ದು, ಹಿಟ್ಟು ಯಾವ್ದು, ಒಂದೂ ತಿಳೀತಿಲ್ಲ."

ಮರ್ಲಿನ್‌ಗೆ ಕಿವಿಯವರೆಗೂ ಬಿಸಿಯೇರಿತು. ಭಯಕ್ಕಿಂತ ಮೊದಲು ಬಂದದ್ದು ನಾಚಿಕೆ.

ಮಧ್ಯಾಹ್ನ ಆಸ್ಪತ್ರೆಗೆ ಹೋದ. ಓರ್ವಲ್‌ನ ಬಲಗೈ ಭುಜದಿಂದ ಬೆರಳವರೆಗೆ ಪ್ಲಾಸ್ಟರಿನಲ್ಲಿತ್ತು, ಕೆಂಪು ಮುಖ ಸುಣ್ಣ ಬಳಿದಂತಿತ್ತು.

"ಬಂದ್ಯಾ? ನಿನ್ನ ಮೇಲೆ ಸೇತುವೆ ಹತ್ರಾನೇ ಒಬ್ಬ ಬಾಯಿ ಹರಿಯಬಿಟ್ಟ. ಗಿಡುಗನ ಮಾತು ಕೇಳಿ ಕೆಟ್ಟೆ ಅಂದ. ಉಗಿದು ಕಳಿಸ್ದೆ. ನೀನು ದಾಟಿದ್ಮೇಲೆ ಮಂಜುಗಡ್ಡೆ ಕಟ್ಟಿದೆ, ಅಲ್ವಾ?"

ಮರ್ಲಿನ್ ಹೌದೆಂಬಂತೆ ತಲೆಯಾಡಿಸಿದ. ಆಡಿಸಿದ ಮರುಗಳಿಗೆ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಸುಳ್ಳು ಹೇಳಿ ಕೈ ಮುರಿಸಿದ್ದು ಸಾಲದೆ, ಮುರಿದ ಕೈಯವನಿಂದಲೇ ತನ್ನ ಮಾನ ಕಾಯಿಸಿಕೊಳ್ಳುತ್ತಿದ್ದ.

"ಇಲ್ಲ ಓರ್ವಲ್. ನಾನು ಆ ಸೇತುವೆ ದಾಟೇ ಇಲ್ಲ. ಊರೊಳಗಿಂದ ಬಂದೆ."

"ಊರೊಳಗೆ ಏನಿತ್ತು?"

"ಬೇಕರಿ. ಗಸಗಸೆ ಕೊಲಾಚಿ."

"ಚೆನ್ನಾಗಿತ್ತಾ?" ಎಂದು ಕೇಳಿ, ಓರ್ವಲ್ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

ಮರ್ಲಿನ್ ಲಾರಿಗೆ ಬಂದು ರೇಡಿಯೊದಲ್ಲೂ ಅದನ್ನೇ ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು. ಅಂದಿನಿಂದ ಯಾರಾದರೂ ಕೇಳಿದರೆ ಎಲ್ಲಿಂದ ಎಲ್ಲಿಯವರೆಗೆ ಕಂಡಿದ್ದೇನೆ ಎಂದು ಅಳೆದು ಹೇಳುತ್ತಿದ್ದ. ಉಳಿದದ್ದು ಗೊತ್ತಿಲ್ಲ ಎನ್ನುತ್ತಿದ್ದ. ಕೇಳುವವರೂ ಕಡಿಮೆಯಾದರು.

ಬೇಸಿಗೆಯಲ್ಲಿ ಓರ್ವಲ್ ಮತ್ತೆ ರಸ್ತೆಗಿಳಿದನಂತೆ, ಬಲಗೈ ಪೂರ್ತಿ ಮಡಚಲು ಬಾರದಂತೆ ಎಂಬ ಸುದ್ದಿ ಬಂತು. ಒಂದು ಮಧ್ಯಾಹ್ನ ಅದೇ ಸೇತುವೆಯ ಈಚೆಗೆ ಅವನ ದನಿ ಕೇಳಿತು.

"ಮರ್ಲಿನ್, ಬೆನ್ನ ಹಿಂದೆ ಹೇಗಿದೆ?"

ಗಿಡುಗ ಎನ್ನಲಿಲ್ಲ. ಆದರೂ ಕೇಳಿದನಲ್ಲ ಎಂದು ಮರ್ಲಿನ್ ತಟ್ಟನೆ ಮೈಕು ಎತ್ತಿಕೊಂಡ. "ಸೇತುವೆ ದಾಟಿಯೇ ಬಂದೆ ಓರ್ವಲ್. ನಾನೇ ನೋಡಿದೀನಿ. ಒಣಗಿದೆ, ಏನೂ ತೊಂದ್ರೆ ಇಲ್ಲ."

"ಸರಿ, ಉಪಕಾರ ಆಯ್ತು."

ಎರಡು ಲಾರಿಗಳೂ ಒಂದನ್ನೊಂದು ದಾಟಿದವು. ಓರ್ವಲ್ ಎಡಗೈ ಎತ್ತಿದ್ದು ಕಂಡಿತು. ಮರ್ಲಿನ್ ರೇಡಿಯೊ ಆರಿಸದೆ ಹಾಗೇ ಬಿಟ್ಟಿದ್ದ. ಮರ್ಲಿನ್‌ನ ಹಿಂದೆಯೇ ಬರುತ್ತಿದ್ದ ಮರದ ದಿಮ್ಮಿಯ ಲಾರಿಯವನನ್ನು ಓರ್ವಲ್ ಮೆಲ್ಲಗೆ ಕೇಳುತ್ತಿದ್ದ: "ಅಣ್ಣಾ, ಸೇತುವೆ ಹೇಗಿದೆ?"