ಹತ್ತೊಂಬತ್ತನೇ ನಂಬರು

ಮಂಡ್ಯದ ನಮ್ಮ ಲ್ಯಾಬಿನಲ್ಲಿ ಬಿಲ್ ಬರೆಯುವ ಕಸ್ತೂರಿರಂಗಯ್ಯನವರಿಗೆ ಮನುಷ್ಯರು ಕಾಣುವುದಿಲ್ಲ, ಅವರಿಗೆ ಮಾಡಬೇಕಾದ ಪರೀಕ್ಷೆಯ ನಂಬರು ಕಾಣುತ್ತದೆ. ಮದುವೆ ಮನೆಯಲ್ಲಿ ಬಿಳಿಚಿಕೊಂಡ ಹುಡುಗಿಯನ್ನು ಕಂಡರೆ “ನಾಲ್ಕು” ಎನ್ನುತ್ತಾರೆ, ಅಂದರೆ ರಕ್ತ. ಮದ್ದೂರಿನ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ “ಹದಿಮೂರು”, ಅಂದರೆ ಕಫ. ಡಾಕ್ಟರು ಗೀಚಿದ ಚೀಟಿಯನ್ನು ಬೆಳಕಿಗೆ ಹಿಡಿದು, ಸರಿಯಾದ ನಂಬರು ಹೊಳೆಯುವವರೆಗೆ ಪೆನ್ನು ಮುಟ್ಟುವುದಿಲ್ಲ. ಸಾಲು ಗೊಣಗಿದರೆ, “ಕಫಕ್ಕೆ ರಕ್ತದ ನಂಬರು ಬಿದ್ದರೆ ದೇವರೂ ತಿದ್ದಲಾರ ಕಣ್ರೀ” ಎನ್ನುತ್ತಾರೆ. ಬಸಿರು ನಿಂತಿದೆಯೋ ಇಲ್ಲವೋ ನೋಡುವ ಹತ್ತೊಂಬತ್ತಕ್ಕೆ ಮಾತ್ರ ಈ ತಪಸ್ಸಿಲ್ಲ. ಆತಗೂರಿನ ದೇವಿರಮ್ಮ ಸೆರಗಿನ ಮರೆಯಲ್ಲಿ ಸೀಸೆ ಹಿಡಿದು ಬಂದು, “ಅಯ್ನೋರೆ, ಇದು ನಮ್ ಸೊಸೇದು, ಅದ್ಯಾವ್ ನಂಬ್ರೋ ನೀವೇ ಆಕ್ಕಳಿ” ಎನ್ನುವಷ್ಟರಲ್ಲಿ ಬಿಲ್ ಸಿದ್ಧ. ಆಮೇಲೆ ಅವರಿಗೆ ಕೂರಲಾಗುವುದಿಲ್ಲ. ಒಳಬಾಗಿಲಲ್ಲೇ ನಿಂತಿದ್ದು, ಶುಭವಾದರೆ ತಾವೇ ಮೊದಲು ಓಡಿಬಂದು ಹೇಳಿ, ನಾಚಿಕೆಯಿಲ್ಲದೆ “ನನಗೆ ಸಕ್ಕರೆ ಎಲ್ಲಿ?” ಎಂದು ಕೈಚಾಚುತ್ತಾರೆ. ಸಕ್ಕರೆಗೆ ರೇಷನ್ನಿನ ಸಾಲಲ್ಲಿ ನಿಲ್ಲಬೇಕಾದ ಈ ಕಾಲದಲ್ಲೂ ಜನ ಹೆಚ್ಚು ದುಡ್ಡು ತೆತ್ತು ಎದುರಂಗಡಿಯಿಂದ ಪೊಟ್ಟಣ ಕಟ್ಟಿಸಿ ಕೊಡುತ್ತಾರೆ. ಆಸೆಬುರುಕ ಎಂದು ಲ್ಯಾಬಿನವರೆಲ್ಲ ನಗುತ್ತಾರೆ, ನಾನೂ ನಗುತ್ತಿದ್ದೆ. ಆದರೆ ಅದರಲ್ಲಿ ಒಂದು ಚಿಟಿಕೆಯನ್ನೂ ಅವರು ಬಾಯಿಗೆ ಹಾಕಿಕೊಂಡದ್ದನ್ನು ಲ್ಯಾಬಿನಲ್ಲಿ ಯಾರೂ ಕಂಡಿಲ್ಲ. ಮೊನ್ನೆ ಸಂಜೆ ಅವರ ಜೊತೆ ಮನೆಗೆ ಹೋಗಿದ್ದೆ, ಮದುವೆಯಾದಂದಿನಿಂದ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ. ಹೆಂಡತಿ ಗೋದಮ್ಮ ಅವರ ಜೇಬಿನಿಂದ ತಾವೇ ಪೊಟ್ಟಣ ತೆಗೆದು, ನಮ್ಮೆಲ್ಲರ ಕಾಫಿಗೂ ಅದೇ ಸಕ್ಕರೆ ಬೆರೆಸುತ್ತ ಮೆಲ್ಲನೆ ಕೇಳಿದರು: “ಏನೂಂದ್ರೆ, ಇವತ್ತು ಯಾರ ಮನೇದು?”